ನಿರ್ಮಲಾ ವೈನಿ ಹೊಲಿದ ಕಿತ್ತಳೆ ಬಟ್ಟೆ

ಆ ಕಿತ್ತಳೆ ಬಣ್ಣದ ಬಟ್ಟೆಯನ್ನು ಬಿಚ್ಚಿದವನು ನಾನು. ಅದನ್ನು ಗಾಳಿ ಒಯ್ದಿರಲಿಲ್ಲ, ಅದರ ಹೊಲಿಗೆ ಬಿಟ್ಟಿರಲಿಲ್ಲ, ಡೋರಿಸ್ ಕಿತ್ತು ಬಚ್ಚಿಟ್ಟಿರಲಿಲ್ಲ. ನಾನು ಗಂಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಕೋಟಿನ ಜೇಬಿಗೆ ಹಾಕಿಕೊಂಡೆ. ಮರುದಿನ ಕೇಳಿದವರ ಮುಂದೆ ಸುಳ್ಳು ಹೇಳಿದೆ. ಆ ಸುಳ್ಳನ್ನು ಈ ತೊಂಬತ್ತರ ದಶಕ ಮುಗಿಯುವವರೆಗೂ ಸಾಕಿಕೊಂಡು ಬಂದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ — ಕಥೆಯ ನಡುವೆ ಹೇಳಹೊರಟರೆ ನನ್ನ ನಾಲಿಗೆ ಮತ್ತೆ ಜಾರಿ ಪಕ್ಕದ ದಾರಿ ಹಿಡಿದೀತು ಎಂಬ ಭಯ ನನಗೇ ಇದೆ.

ನಾನು ಸುರಪುರದ ಕಡೆಯವನು. ನಮ್ಮ ಮನೆತನಕ್ಕೆ ಬೇಟೆ ಹೊಸದಲ್ಲ. ಅಜ್ಜನ ಕಾಲದ ಹಂದಿಬೇಟೆಯ ಮಾತುಗಳನ್ನು ಕೇಳಿಯೇ ಬೆಳೆದವನು. ಶಿವಾನಂದ ಇಳಕಲ್ಲಿನವನು, ಮೊಟ್ಟೆಯನ್ನೂ ಮುಟ್ಟದ ಮನೆಯವನು. ನನಗಿಂತ ಹಿರಿಯ, ನಾನು ಅವನನ್ನು ಶಿವಣ್ಣ ಎಂದೇ ಕರೆಯುತ್ತಿದ್ದೆ. ಇಬ್ಬರೂ ದಕ್ಷಿಣ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿ ಮನೆ ಮಾಡಿಕೊಂಡು ಒಂದೇ ಬಟ್ಟೆ ಗಿರಣಿಯಲ್ಲಿ ಎಂಜಿನಿಯರ್ ಆಗಿದ್ದೆವು. ಊರಿನಲ್ಲಿದ್ದಿದ್ದರೆ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಕೂಡುತ್ತಿದ್ದೆವೋ ಇಲ್ಲವೋ. ಅಲ್ಲಿ ಮಾತ್ರ ಶನಿವಾರ ಬಂತೆಂದರೆ ನಾನು ಅವನ ಮನೆಯಲ್ಲಿ. ಅವನ ಹೆಂಡತಿ ನಿರ್ಮಲಾ ವೈನಿ ಬಡಿದ ರೊಟ್ಟಿಗೆ ನನ್ನ ಹೆಂಡತಿ ಸರೋಜಾ ಕುಟ್ಟಿದ ಶೇಂಗಾ ಚಟ್ನಿ.

ಗಿರಣಿಯಲ್ಲಿ ನಮ್ಮ ಜೊತೆಗಿದ್ದ ಕಾರ್ಲ್‌ಗೆ ಊರಿನಿಂದ ದಕ್ಷಿಣಕ್ಕೆ, ಕಾರಿನಲ್ಲಿ ಒಂದು ಗಂಟೆಯ ದೂರದಲ್ಲಿ, ಹಿರಿಯರಿಂದ ಬಂದ ಜಮೀನಿತ್ತು. ಅಲ್ಲಿ ಓಕ್ ಮರಗಳ ಅಂಚಿನಲ್ಲಿ ಜಿಂಕೆಗಳು ಮೇಯಲು ಬರುತ್ತಿದ್ದವು. ನನಗೆ ಬಂದೂಕು ಹಿಡಿದು ಕೂಡಲು ಅವನು ಅನುಮತಿ ಕೊಟ್ಟ. ಶಿವಣ್ಣನೂ ಬರುತ್ತೇನೆಂದ, ಆದರೆ ಬಂದೂಕಿಲ್ಲದೆ. ಅವನ ಕೈಯಲ್ಲಿ ಇರುತ್ತಿದ್ದದ್ದು ಉದ್ದ ಲೆನ್ಸಿನ ಕ್ಯಾಮೆರಾ. "ನೀ ಹೊಡಿ, ನಾ ನೋಡ್ತೀನಿ. ಇಬ್ಬರೂ ಒಂದ ದಿನಾ ಮಾತ್ರ ಹೋಗೂದು ಬ್ಯಾಡ" ಎಂದು ನಗುತ್ತಿದ್ದ.

ಇಬ್ಬರಿಗೂ ಬೇಕಾದದ್ದು ಒಂದು ಮರೆ. ನೆಲದ ಮೇಲೆ ಹೂಡಿ ಒಳಗೆ ಕೂಡುವ, ಬೇಕೆಂದಾಗ ಮಡಚಿ ಹೆಗಲಿಗೆ ಹಾಕಿಕೊಳ್ಳುವ ಪುಟ್ಟ ಗುಡಾರ. ಅಲ್ಲಿಯವರು ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ಅರ್ಧ ಅರ್ಧ ಹಣ ಹಾಕಿ ಒಂದನ್ನು ಕೊಳ್ಳೋಣವೆಂದು ಶಾರ್ಲಟ್ಟಿನ ಅಂಗಡಿಗೆ ಹೋದೆವು. ಅಲ್ಲಿ ನಾವು ಕಚ್ಚಾಡಿದ ಪರಿಯನ್ನು ನೆನೆದರೆ ಈಗಲೂ ನಗು ಬರುತ್ತದೆ, ನಗು ಅರ್ಧಕ್ಕೇ ನಿಲ್ಲುತ್ತದೆ. ಗೂಟ ಹೊಡೆದು ಸುತ್ತ ಕಟ್ಟುವ ಬರೀ ಬಟ್ಟೆಯ ಪಟ್ಟಿ ಒಂದಿತ್ತು. ಹಗುರ, ಅಗ್ಗ, ಆದರೆ ಮೇಲೆ ಸೂರಿಲ್ಲ. ಕೈ ಎತ್ತಿದರೆ ಜಿಂಕೆಗೆ ಕಾಣುತ್ತದೆ. ಕೊಳವೆಗಳನ್ನು ಜೋಡಿಸಿ ನಿಲ್ಲಿಸುವ ಪೆಟ್ಟಿಗೆಯಂಥದ್ದು ಇನ್ನೊಂದು. ಗಟ್ಟಿ, ಆದರೆ ಭಾರ. ಜೋಡಿಸುವಾಗ ಆಗುವ ಕಟಕಟ ಸದ್ದಿಗೆ ಅರ್ಧ ಕಾಡೇ ಎದ್ದುಹೋದೀತು. ಮೂರನೆಯದು ಛತ್ರಿಯಂತೆ ಬಿಚ್ಚಿಕೊಳ್ಳುವಂಥದ್ದು. ನನ್ನ ಕಣ್ಣು ಅದರ ಮೇಲೆಯೇ.

ನನಗೆ ಬೇಕಾದದ್ದು ಕಿರಿದಾದ ಕಿಂಡಿ, ಬಂದೂಕಿನ ಮೂತಿ ತೂರುವಷ್ಟು. ಶಿವಣ್ಣನಿಗೆ ಬೇಕಾದದ್ದು ತಗ್ಗಿನಲ್ಲಿ ಅಗಲವಾದ ಕಿಟಕಿ. ನಾನು ಬಟ್ಟೆಯನ್ನು ಬೆರಳಿನಿಂದ ಉಜ್ಜಿ ಸರಸರ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟರೆ, ಅವನು ಗಿರಣಿಯವನಾಗಿ ನೇಯ್ಗೆ ಹಿಡಿದು ಬೆಳಕಿಗೆ ನೋಡುತ್ತಿದ್ದ. ಒಳಮೈ ಕಪ್ಪಗಿರಬೇಕು, ಇಲ್ಲದಿದ್ದರೆ ಕೂತವರ ನೆರಳು ಹೊರಗೆ ಕಾಣುತ್ತದೆ. ಕೆಳಗೆ ಹಾಸು ಇರಬಾರದು, ಒಣ ಎಲೆಗಳನ್ನು ಕಾಲಿನಿಂದ ಸರಿಸಿ ಬರೀ ಮಣ್ಣಿನ ಮೇಲೆ ಪಾದ ಊರಬೇಕು. ಕಿಟಕಿಯ ಪರದೆ ಪರ್ರನೆ ಕಿತ್ತುಬರುವ ಪಟ್ಟಿಯದಾಗಿರಬಾರದು, ಗುಂಡಿಯದಾಗಿರಬೇಕು. ಇವೆಲ್ಲದರಲ್ಲೂ ನಾವು ಒಪ್ಪಿದೆವು. ಕೊನೆಗೆ ಒಂದು ಬದಿಗೆ ಕಿರುಕಿಂಡಿ, ಇನ್ನೊಂದು ಬದಿಗೆ ಅಗಲ ಕಿಟಕಿ ಇದ್ದ, ಒಣ ಓಕ್ ಎಲೆಯ ಚಿತ್ತಾರದ ಛತ್ರಿ ಬ್ಲೈಂಡ್ ಮನೆಗೆ ಬಂತು. ಕಾಡಿನಲ್ಲಿ ನಿಲ್ಲಿಸಿದರೆ ಹತ್ತು ಮಾರು ದೂರದಿಂದ ನಮಗೇ ಕಾಣುತ್ತಿರಲಿಲ್ಲ — ಅಷ್ಟು ಚೆನ್ನಾಗಿ ಆರಿಸಿದ್ದೆವು. ಅಷ್ಟು ಚೆನ್ನಾಗಿ...

ಅದನ್ನು ಮೊದಲು ಬಿಚ್ಚಿ ನಿಲ್ಲಿಸಿದ್ದು ಶಿವಣ್ಣನ ಗರಾಜಿನಲ್ಲಿ. ಇಬ್ಬರೂ ಒಳಗೆ ಕುರ್ಚಿ ಹಾಕಿ ಕೂತು ಉಸಿರು ಬಿಗಿಹಿಡಿದಿದ್ದಾಗ ನಿರ್ಮಲಾ ವೈನಿ ಚಹಾ ತಂದು ಕಿಟಕಿಯೊಳಗೆ ಹಣಕಿದರು.

"ನಮ್ಮೂರಾಗ ಜ್ವಾಳಾ ಕಾಯಾಕ ಗುಡಸಲಾ ಹಾಕ್ತಾರ. ನೀವು ಏನ್ ಕಾಯಾಕ ಕುಂತೀರಿ?"

ಕಾರ್ಲ್‌ನ ಜಮೀನಿಗೆ ಒಂದೇ ಒಂದು ನಿಯಮವಿತ್ತು. ಒಳಗೆ ಕಾಲಿಟ್ಟ ಮನುಷ್ಯನ ಮೈಮೇಲೆ ಕಿತ್ತಳೆ ಬಣ್ಣ ಇರಬೇಕು. ಯಾರಾದರೂ ಬ್ಲೈಂಡ್ ಹೂಡಿದರೆ ಅದರ ನೆತ್ತಿಯ ಮೇಲೂ ಇರಬೇಕು. ಜಿಂಕೆಗೆ ಆ ಬಣ್ಣ ನಮಗೆ ಕಾಣುವಂತೆ ಎದ್ದು ಕಾಣುವುದಿಲ್ಲ, ಬೇಟೆಗಾರನಿಗೆ ಬೆಂಕಿಯಂತೆ ಕಾಣುತ್ತದೆ ಎಂದು ಅವನು ನಮಗೆ ಬಿಡಿಸಿ ಹೇಳಿದ್ದ. ಇದನ್ನು ಕೇಳಿದ ವೈನಿ ತಾವೇ ಆ ಬಣ್ಣದ ಬಟ್ಟೆ ತಂದು, ಅಂಚು ಮಡಚಿ, ನಾಲ್ಕು ಮೂಲೆಗೂ ಲಾಡಿ ಇಟ್ಟು ಮಷಿನ್ನಿನಲ್ಲಿ ಎರಡೆರಡು ಸಲ ಹೊಲಿದು ಕೊಟ್ಟರು. ಶಿವಣ್ಣ ಅದನ್ನು ಕಾಡಿಗೆ ಒಯ್ದು, ಬೇಟೆಯ ಕಾಲ ಮುಗಿಯುವವರೆಗೆಂದು ಅಲ್ಲೇ ಹೂಡಿಟ್ಟ ಬ್ಲೈಂಡಿನ ಮೇಲೆ ತಾನೇ ಕಟ್ಟಿದ.

ಇನ್ನು ಡೋರಿಸ್. ಆಕೆ ಕಾರ್ಲ್‌ನ ಅಕ್ಕ. ಫೋರ್ಟ್ ಮಿಲ್‌ನಲ್ಲಿ ಸ್ಕೂಲ್ ಬಸ್ ಓಡಿಸುತ್ತಿದ್ದಳು. ಶಿವಣ್ಣನ ಮಗಳು ವೀಣಾ ಆ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಿದ್ದದ್ದು. ಗಂಡ ತೀರಿಕೊಂಡ ಮೇಲೂ ಡೋರಿಸ್ ಪ್ರತಿ ವರ್ಷ ಬೇಟೆಯ ಕಾಲಕ್ಕೆ ಅಪ್ಪನ ಹಳೆಯ ರೈಫಲ್ ಹಿಡಿದು ಜಮೀನಿಗೆ ಬರುತ್ತಿದ್ದಳು. ಮಾತು ಕಡಿಮೆ. ಚೆನ್ನಾಗಿ ಗುರಿ ಸಿಗದಿದ್ದರೆ ಬಂದೂಕು ಎತ್ತದವಳು ಎಂದು ತಮ್ಮನೇ ಹೊಗಳುತ್ತಿದ್ದ.

ಆ ನವೆಂಬರ್‌ನಲ್ಲಿ ನನ್ನ ತಲೆಯೊಳಗೆ ಒಂದು ಗಂಡು ಜಿಂಕೆ ಹೊಕ್ಕಿತ್ತು. ದೊಡ್ಡ ಕೊಂಬಿನದು. ಗಿರಣಿಯ ಯಂತ್ರದ ಮುಂದೆ ನಿಂತಾಗಲೂ ಅದೇ ಕಣ್ಣಮುಂದೆ. ಒಂದು ಶುಕ್ರವಾರ ಕೆಲಸದಿಂದ ಬೇಗ ಹೊರಟು ಸಂಜೆಗೆ ಬ್ಲೈಂಡಿನಲ್ಲಿ ಕೂತೆ. ಅದು ಬಂತು. ಮರಗಳ ಅಂಚಿನಲ್ಲಿ ನಿಂತಿತು. ಆಗ ಗಾಳಿ ಬೀಸಿ ನನ್ನ ತಲೆಯ ಮೇಲಿನ ಬಟ್ಟೆ ಒಂದು ಸಲ ಪಟಪಟ ಎಂದಿತು. ಜಿಂಕೆ ಕತ್ತೆತ್ತಿ ನೇರವಾಗಿ ಬ್ಲೈಂಡನ್ನೇ ನೋಡಿ, ಬಿಳಿ ಬಾಲ ಎತ್ತಿ, ಹೊರಟುಹೋಯಿತು.

ನನಗೆ ಬಂದ ಸಿಟ್ಟು ಆ ಬಟ್ಟೆಯ ಮೇಲೆ. ಹೊರಗೆ ಬಂದು ಬಿಚ್ಚಿಬಿಟ್ಟೆ.

ಇಲ್ಲಿಯವರೆಗೆ ಆದದ್ದು ಸಿಟ್ಟಿನ ಕೆಲಸ ಎನ್ನಬಹುದು. ಮುಂದೆ ಆದದ್ದು ಸಿಟ್ಟಿನದಲ್ಲ. ನನಗೆ ಗೊತ್ತಿತ್ತು — ಮರುದಿನ ಬೆಳಿಗ್ಗೆ ಶಿವಣ್ಣ ಕೂಡುವ ಸರದಿ. ಬಟ್ಟೆಯನ್ನು ಬಿಗಿಯಾಗಿ ಎಳೆದು ಮತ್ತೆ ಕಟ್ಟಿದ್ದರೆ ಪಟಪಟ ಎನ್ನುತ್ತಿರಲಿಲ್ಲ. ಕಟ್ಟಲು ಬೇಕಾದಷ್ಟು ಬೆಳಕೂ ಇತ್ತು. ಆದರೆ ಒಂದೆರಡು ದಿನ ಬಟ್ಟೆಯಿಲ್ಲದೆ ನಿಂತರೆ ಆ ಜಿಂಕೆಗೆ ಬ್ಲೈಂಡಿನ ಹೆದರಿಕೆ ಹೋದೀತು, ನನ್ನ ಮುಂದಿನ ಸರದಿಗೆ ಅದು ಹತ್ತಿರ ಬಂದೀತು ಎಂದು ಲೆಕ್ಕ ಹಾಕಿದೆ. ಶಿವಣ್ಣನಿಗೆ ಫೋನ್ ಮಾಡಬೇಕೆಂಬುದೂ ನೆನಪಾಯಿತು. ಮಾಡಿದರೆ ಅವನು ಬಟ್ಟೆ ತಂದುಕೊಡು ಎನ್ನುತ್ತಾನೆ. ಅದಕ್ಕೇ ಮಾಡಲಿಲ್ಲ. ಒಂದು ಬೆಳಗಿಗೆ ಏನಾದೀತು ಎಂದುಕೊಂಡೆ. ಮರೆತೆ ಎಂದು ಹೇಳಲು ನನಗೆ ಬಾಯಿಲ್ಲ, ಏಕೆಂದರೆ ನಾನು ಮರೆಯಲಿಲ್ಲ.

ಶನಿವಾರ ಶಿವಣ್ಣ ಇನ್ನೂ ಕತ್ತಲಿರುವಾಗಲೇ ಹೋಗಿ ಒಳಗೆ ಕೂತ. ಮೇಲೆ ಬಟ್ಟೆ ಇದೆಯೋ ಇಲ್ಲವೋ ಅವನಿಗೆ ಕಾಣುವಂತಿರಲಿಲ್ಲ. ಅವನ ಮೈಮೇಲಿನ ಕಿತ್ತಳೆ ಬಣ್ಣ ಒಳಗೇ ಮರೆಯಾಗಿತ್ತು. ಬೆಳಕಾದ ಮೇಲೆ ಡೋರಿಸ್ ಎದುರಿನ ದಿಬ್ಬದ ಕಡೆಯಿಂದ ಬಂದಳು. ತಗ್ಗಿನಲ್ಲಿ ಒಂದು ಹೆಣ್ಣು ಜಿಂಕೆ ನಿಂತಿತ್ತು, ಅದರ ಹಿಂದೆ ಓಕ್ ಎಲೆಗಳು. ಆ ಎಲೆಗಳ ನಡುವೆ ನಾವು ಅಷ್ಟು ಚೆನ್ನಾಗಿ ಆರಿಸಿದ ಬ್ಲೈಂಡ್. ಆಕೆ ಗುಂಡು ಹಾರಿಸಿದಳು. ಗುಂಡು ಜಿಂಕೆಗೆ ತಾಗದೆ ಬ್ಲೈಂಡಿನ ಬಟ್ಟೆ ಹರಿದು ಶಿವಣ್ಣನ ಬಲಭುಜ ಸೀಳಿತು.

ಅವನ ಕೂಗು ಕೇಳಿ ಓಡಿದವಳು ಡೋರಿಸ್. ತನ್ನ ಕುತ್ತಿಗೆಯ ಸ್ಕಾರ್ಫಿನಿಂದ ಗಾಯಕ್ಕೆ ಬಿಗಿದು ಕಟ್ಟಿ, ಜಮೀನಿನಲ್ಲೇ ಇದ್ದ ತಮ್ಮನ ಮನೆಗೆ ಹೋಗಿ ಆಂಬುಲೆನ್ಸ್ ಕರೆಸಿದ್ದೂ ಅವಳೇ. ಅವನ ಜೀವ ಉಳಿದದ್ದು ಅದರಿಂದ.

ನಾನು ಆಸ್ಪತ್ರೆ ಮುಟ್ಟಿದಾಗ ವೈನಿ ಕಾರಿಡಾರಿನಲ್ಲಿ ಗೋಡೆಗೆ ಆತು ನಿಂತಿದ್ದರು. ಬೇಟೆಯ ಇಲಾಖೆಯ ಅಧಿಕಾರಿ ಬಂದಿದ್ದ. ಡೋರಿಸ್ ಬೆಂಚಿನ ಮೇಲೆ ಕೂತಿದ್ದಳು, ತೋಳಿನ ತುಂಬ ಶಿವಣ್ಣನ ರಕ್ತ. ಆಕೆ ಹೇಳಿದ್ದು ಒಂದೇ ಮಾತು: ನಾನು ಕಿತ್ತಳೆ ಬಣ್ಣಕ್ಕಾಗಿ ನೋಡಿದೆ, ಅಲ್ಲಿ ಕಿತ್ತಳೆ ಇರಲಿಲ್ಲ. ನೋವಿನಲ್ಲೂ ಶಿವಣ್ಣ ಹೇಳಿದ್ದ: ನಾನೇ ನನ್ನ ಕೈಯಾರೆ ಕಟ್ಟಿದ್ದೆ. ಅಧಿಕಾರಿ ನನ್ನ ಕಡೆ ತಿರುಗಿದ. ನಿನ್ನೆ ಸಂಜೆ ಅಲ್ಲಿದ್ದವನು ನೀನೇ ಅಲ್ಲವೇ, ಎದ್ದು ಬರುವಾಗ ಬಟ್ಟೆ ಇತ್ತೇ ಎಂದು ಕೇಳಿದ.

ನನ್ನ ಕೋಟಿನ ಜೇಬಿನಲ್ಲಿತ್ತು ಅದು. ಆ ಹೊತ್ತಿನಲ್ಲಿ. ಅದೇ ಕೋಟು ಹಾಕಿಕೊಂಡು ಹೋಗಿದ್ದೆ.

"ಇತ್ತು" ಎಂದೆ.

ಡೋರಿಸ್ ತಲೆ ಎತ್ತಿ ನನ್ನನ್ನು ನೋಡಿದಳು. ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನ ಕಸದ ಡಬ್ಬಿಗೆ ಬಟ್ಟೆಯನ್ನು ತುರುಕಿ ಮನೆಗೆ ಬಂದೆ.

ಬಟ್ಟೆ ಕಾಡಿನಲ್ಲಿ ಎಲ್ಲೂ ಸಿಗಲಿಲ್ಲ. ಸಿಗದಿದ್ದಾಗ ಜನ ತಮಗೆ ತಿಳಿದಂತೆ ಕಥೆ ಕಟ್ಟಿದರು: ನೋಡದೆ ಗುಂಡು ಹಾರಿಸಿದವಳು, ಗಾಯ ಕಟ್ಟುವ ನೆಪದಲ್ಲಿ ಬಟ್ಟೆ ಕಿತ್ತು ಬಚ್ಚಿಟ್ಟಿದ್ದಾಳೆ. ಕಾರ್ಲ್ ಅದನ್ನು ನಂಬಿದ. ಅಕ್ಕನಿಗೆ ಜಮೀನಿನ ಗೇಟು ಮುಚ್ಚಿತು. ಬೇಟೆಯ ಪರವಾನಗಿ ಹೋಯಿತು. ಬಸ್ಸಿನ ಕೆಲಸದಿಂದ ಯಾರೂ ತೆಗೆಯಲಿಲ್ಲ. ಆದರೆ ಸುಳ್ಳುಗಾತಿಯ ಕೈಗೆ ಮಕ್ಕಳನ್ನು ಕೊಡುವುದು ಹೇಗೆ ಎಂದು ಕೆಲವು ತಂದೆತಾಯಿಗಳು ಮಾತಾಡಿಕೊಂಡದ್ದು ಕಿವಿಗೆ ಬಿದ್ದು ಆಕೆ ತಾನಾಗಿ ಬಿಟ್ಟಳು. ಒಂದು ದಿನ ವೀಣಾಳನ್ನು ಶಾಲೆಯಿಂದ ಕರೆತರುವಾಗ ಹಿಂದಿನ ಸೀಟಿನಿಂದ ಅವಳು ಕೇಳಿದಳು: "ಅಂಕಲ್, ಮಿಸ್ ಡೋರಿಸ್ ಇಸ್ ನೈಸ್. ಅವರು ಯಾಕೆ ಬರಲ್ಲ?" ನಾನು ರೇಡಿಯೋದ ಸದ್ದು ಹೆಚ್ಚಿಸಿದೆ.

ಶಿವಣ್ಣನ ಬಲಗೈ ಭುಜಕ್ಕಿಂತ ಮೇಲೆ ಏಳದಾಯಿತು. ಕ್ಯಾಮೆರಾ ಮಾರಿಬಿಟ್ಟ. ಅವನ ದೊಡ್ಡತನ ಎಂಥದ್ದೆಂದರೆ, ಗುಂಡಿಗಾಗಿ ಅವನು ಆಕೆಯನ್ನು ಒಂದು ದಿನವೂ ದೂರಲಿಲ್ಲ. "ಬೇಕಂತ ಹೊಡದಿಲ್ಲ ಬಿಡು. ಆದ್ರ ಬಟ್ಟಿ ತಗದು ಸುಳ್ಳು ಹೇಳಬಾರದಿತ್ತು" ಎನ್ನುತ್ತಿದ್ದ, ನನ್ನ ಎದುರಿಗೆ ಕೂತು, ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ. ವೈನಿಯದು ಬೇರೆಯೇ ಸಂಕಟ. ಲಾಡಿಯ ಹೊಲಿಗೆ ನಾನು ಸರಿಯಾಗಿ ಹಾಕಿರಲಿಲ್ಲವೇನೋ, ಬಿಟ್ಟುಹೋಗಿ ಗಾಳಿಗೆ ಹಾರಿರಬೇಕು ಎಂದು ಸರೋಜಾಳ ಮುಂದೆ ಅತ್ತರಂತೆ. ಆಮೇಲೆ ಅವರು ಮಷಿನ್ನಿಗೆ ಕೂತದ್ದನ್ನು ನಾನು ಕಾಣೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ...

ಕೆಲವು ವರ್ಷಗಳಲ್ಲಿ ಶಿವಣ್ಣ ಉತ್ತರ ಕೆರೊಲಿನಾದಲ್ಲಿ ಕೆಲಸ ಹಿಡಿದು ಏಪೆಕ್ಸ್‌ಗೆ ಮನೆ ಬದಲಾಯಿಸಿದ. ದೂರವಾದದ್ದು ನನಗೆ ಹಿತವೆನಿಸಿತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಈ ಬೇಸಿಗೆಯಲ್ಲಿ ಕಾರ್ಲ್ ಎದೆನೋವಿನಿಂದ ತೀರಿಕೊಂಡ. ಅವನ ಮಣ್ಣಿಗೆ ಹೋದೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ನೆಂಟರೆಲ್ಲ ಶಾಮಿಯಾನದ ನೆರಳಿನಲ್ಲಿ ಮೊದಲ ಸಾಲಿನ ಕುರ್ಚಿಗಳಲ್ಲಿ ಕೂತಿದ್ದರು. ಒಬ್ಬಳೇ ಅಕ್ಕ ಡೋರಿಸ್ ಬಿಸಿಲಿನಲ್ಲಿ, ಕಾರುಗಳ ಹತ್ತಿರ ನಿಂತಿದ್ದಳು. ಬಾ ಎಂದು ಯಾರೂ ಕರೆಯಲಿಲ್ಲ. ಎಲ್ಲರೂ ಹೋದ ಮೇಲೆ ಗುಂಡಿಯ ಹತ್ತಿರ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದಳು. ತಮ್ಮ ಆಕೆಯನ್ನು ಸುಳ್ಳುಗಾತಿ ಎಂದುಕೊಂಡೇ ಸತ್ತ. ಇನ್ನು ಅವನಿಗೆ ಹೇಳುವಂತಿಲ್ಲ. ಅಷ್ಟು ತಡಮಾಡಿದ್ದೆ ನಾನು.

ಅಂದೇ ಸರೋಜಾಳಿಗೆ ಎಲ್ಲವನ್ನೂ ಹೇಳಿದೆ. "ಮೊದಲ ಏಪೆಕ್ಸ್‌ಗೆ ಹೋಗು. ಫೋನಿನಾಗ ಹೇಳಬ್ಯಾಡ" ಎಂದಳು.

ಶಿವಣ್ಣನ ಮನೆಯ ಊಟದ ಮೇಜಿನ ಮುಂದೆ ಕೂತು ಹೇಳಿದೆ. ಸುತ್ತಿಬಳಸಲಿಲ್ಲ, ಇಲ್ಲಿ ಮೊದಲಿಗೆ ಬರೆದಂತೆಯೇ ಶುರುಮಾಡಿದೆ. ಹೇಳಿ ಮುಗಿಸಿದ ಮೇಲೆ ಮೊದಲು ಮಾತಾಡಿದವರು ವೈನಿ.

"ಅಂದ್ರ, ನನ್ನ ಹೊಲಿಗಿ ಬಿಚ್ಚಿರಲಿಲ್ಲ" ಎಂದರು.

"ಇಲ್ಲ ವೈನಿ."

ಅವರು ಎದ್ದು ಒಳಗೆ ಹೋದರು. ನಾನಿರುವವರೆಗೆ ಹೊರಗೆ ಬರಲಿಲ್ಲ.

ಶಿವಣ್ಣ ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತ ಕೂತಿದ್ದ. ಅವನು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಕ್ಷಮಿಸು ಎನ್ನಲು ಬಾಯಿ ತೆರೆದಾಗ ಕೈ ಅಡ್ಡ ಹಿಡಿದ.

"ಭುಜ ನಂದು, ಹಣಮಂತ. ಅದನ್ನ ಬೇಕಾದ್ರ ನಾ ಬಿಟ್ಟುಕೊಡ್ತೀನಿ, ಇವತ್ತಲ್ಲ, ಎಂದರ ಒಂದು ದಿನ. ಆಕಿ ಹೆಸರು ನಂದಲ್ಲಲ್ಲ, ಅದನ್ನ ನಾ ಹ್ಯಾಂಗ ಬಿಟ್ಟುಕೊಡ್ಲಿ? ಎಂಥಾ ಹೆಣಮಗಳನ್ನ ನನ್ನ ಕಡಿಂದನೂ ಬೈಸಿಬಿಟ್ಟಿ ನೀ."

ಡೋರಿಸ್ ಈಗಲೂ ಫೋರ್ಟ್ ಮಿಲ್‌ನ ಹಳೆಯ ಮನೆಯಲ್ಲೇ ಇದ್ದಾಳೆ. ಏಪೆಕ್ಸ್‌ನಿಂದ ಬಂದ ಮರುದಿನವೇ ಹೋಗಿ ಬಾಗಿಲು ತಟ್ಟಿದೆ. ಗುರುತು ಹಿಡಿದಳು. ಒಳಗೆ ಕರೆಯಲಿಲ್ಲ, ವರಾಂಡದ ಮೆಟ್ಟಿಲ ಮೇಲೆ ನಾನು, ಬಾಗಿಲಲ್ಲಿ ಆಕೆ. ಪೂರ್ತಿ ಕೇಳಿಸಿಕೊಂಡಳು.

"ನನಗೆ ಹೇಳಿ ಏನು ಬಂತು? ನೀನು 'ಇತ್ತು' ಅಂದ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಕಾರ್ಲ್‌ಗೂ ಹೇಳಿದ್ದೆ. ಸ್ವಂತ ಗೆಳೆಯನ ವಿಷಯದಲ್ಲಿ ಆ ಮನುಷ್ಯ ಯಾಕೆ ಸುಳ್ಳು ಹೇಳುತ್ತಾನೆ ಅಂತ ಕೇಳಿದ." ರಸ್ತೆಯ ಕಡೆ ಕೈ ತೋರಿಸಿದಳು. "ಗೊತ್ತಿಲ್ಲದವರಿಗೆ ಹೋಗಿ ಹೇಳು. ಎಲ್ಲರೂ ಸೇರಿರುವಾಗ. ನಾನೂ ಅಲ್ಲಿ ಕೂತಿರುತ್ತೇನೆ."

ಇವತ್ತು ಭಾನುವಾರ. ಕಾರ್ಲ್‌ನ ಮನೆಯವರ ಚರ್ಚಿನ ಪ್ರಾರ್ಥನೆ ಮುಗಿದು, ಹಿಂದಿನ ಊಟದ ಕೋಣೆಯಲ್ಲಿ ಎಲ್ಲರೂ ಸೇರಿದಾಗ, ಪಾದ್ರಿಯವರ ಅನುಮತಿ ಪಡೆದು ಎದ್ದು ನಿಂತೆ. ಕಾರ್ಲ್‌ನ ಹೆಂಡತಿ, ಮಕ್ಕಳು, ಆಗ ಬಸ್ಸಿನ ವಿಷಯ ಮಾತಾಡಿದವರಲ್ಲಿ ಕೆಲವರು, ಎಲ್ಲರೂ ಇದ್ದರು. ನನ್ನ ಹೆಸರು ಹೇಳಿ, ಮಾಡಿದ್ದನ್ನು ಹೇಳಿ, ಡೋರಿಸ್ ಅಂದು ಹೇಳಿದ ಪ್ರತಿ ಮಾತೂ ನಿಜ ಎಂದೆ. ಕಾರ್ಲ್‌ನ ಹಿರಿಯ ಮಗ ನನ್ನ ಮುಂದೆ ಬಂದು ನಿಂತು, ಇನ್ನೊಮ್ಮೆ ನಮ್ಮ ಕಣ್ಣಿಗೆ ಬೀಳಬೇಡ ಎಂದ. ಆಗಲಿ ಎಂದೆ. ಕಿರಿಯವನು ಅತ್ತೆಯ ಕುರ್ಚಿಯ ಹತ್ತಿರ ಹೋಗಿ, ಏನು ಮಾಡಬೇಕೆಂದು ತಿಳಿಯದೆ, ಆಕೆಯ ಖಾಲಿ ಲೋಟಕ್ಕೆ ನೀರು ತುಂಬಿಸಿದ. ಡೋರಿಸ್ ಅವನ ಮಣಿಕಟ್ಟು ಹಿಡಿದುಕೊಂಡಳು. ನನ್ನ ಕಡೆ ನೋಡಲಿಲ್ಲ. ಹೊರಗೆ ಬಂದೆ.

ಹಗುರವಾಯಿತೇ ಎಂದು ಸರೋಜಾ ಕೇಳಿದಳು. ಇಲ್ಲ. ಹಗುರವಾಗಲೆಂದು ಮಾಡಿದ್ದೂ ಅಲ್ಲ. ಆಕೆ ಕಳೆದುಕೊಂಡ ವರ್ಷಗಳು, ತಮ್ಮ, ಬಸ್ಸಿನ ಬಾಗಿಲಲ್ಲಿ ಹತ್ತುವ ಮಕ್ಕಳು, ಯಾವುದನ್ನೂ ನಾನು ವಾಪಸು ತರಲಾರೆ.

ನಾಳೆ ಬೇಟೆಯ ಇಲಾಖೆಯ ಕಚೇರಿಗೆ ಹೋಗುತ್ತೇನೆ. ಅಂದಿನ ನನ್ನ ಹೇಳಿಕೆ ಸುಳ್ಳು ಎಂದು ಅಲ್ಲಿ ದಾಖಲಾಗಬೇಕು, ಆಕೆಯ ಹೆಸರಿನ ಮುಂದಿರುವ ಆರೋಪ ಅಳಿಯಬೇಕು. ನನಗೆ ಏನು ಶಿಕ್ಷೆಯಾದೀತೆಂದು ವಕೀಲರನ್ನು ಕೇಳು ಎಂದು ಒಬ್ಬಿಬ್ಬರು ಗೆಳೆಯರು ಹೇಳಿದರು. ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಹೋಗದಿರಲು ನೂರು ದಾರಿ ಹುಡುಕುವವನು ನಾನು ಎಂಬುದು ನನಗೆ ಚೆನ್ನಾಗಿ ಗೊತ್ತು. ಸಂಜೆ ಶಿವಣ್ಣ ಫೋನ್ ಮಾಡಿದ್ದ, ಜೊತೆಗೆ ಬರಲೇ ಎಂದು. ಬೇಡ ಎಂದೆ. ಅವನೂ ಒತ್ತಾಯಿಸಲಿಲ್ಲ. ಒಬ್ಬನೇ ಹೋಗುತ್ತೇನೆ, ಬಾಗಿಲು ತೆರೆಯುವ ಮೊದಲೇ ಅಲ್ಲಿರುತ್ತೇನೆ.